ಆರಕ್ಕ ಒಂದು

ಬಂದವರೆಲ್ಲಾ ಮೊದಲ ಕೇಳೂದು,
ತೋಪು ಎಲ್ಲೈತ್ರೀ?
ಇಲ್ಲ. ಇದು ಹೊಡಿಯೂದಲ್ಲ, ಹೊರೂದು.
ಬ್ಯಾಳಿ, ಸೀಮೆಎಣ್ಣಿ, ಟಪಾಲಿನ ಚೀಲ,
ಒಮ್ಮೊಮ್ಮೆ ಅಡ್ಡ ಮಲಗಿಸಿದ ಹುಡುಗರನ್ನ
ಗುಡ್ಡದಿಂದ ಇಳಿಸಿ ತಂದ ಶಕ್ತಿಮಾನ ಲಾರಿ.
ಗೋಕುಲ ರೋಡಿನ ನಮ್ಮ ಶೆಡ್ಡಿನಾಗ, ಲೇಥಿನ ಬಾಜೂಕ
ನಾಲ್ಕು ವರ್ಷದಿಂದ ನಿಂತೈತಿ
ಆರಕ್ಕ ಒಂದರ ಅಳತಿಯೊಳಗ.

ನಕ್ಷೆ ಇಲ್ಲ.
ಮೊಬೈಲಿನಾಗ ಹುಡುಕಿದರ ಸಿಗತಾವು ಅಂದಳು ಮಗಳು.
ಆ ಲಾರಿ ಯಾರದೋ. ನನಗ ಬೇಕಾದ್ದು ಈ ಫೋಟೋದಾಗಿಂದು:
ಬರ್ಫದಾಗ ಬೂಟು ಹೂತು, ಬಂಪರಿಗೆ ಬೆನ್ನು ಕೊಟ್ಟು
ನಿಂತಾನ ಅಪ್ಪ, ಎಪ್ಪತ್ತೆರಡನೇ ಇಸ್ವಿ.
ಐದಡಿ ಐದಿಂಚು ಅಂತ ಮಿಲಿಟರಿ ಪುಸ್ತಕದಾಗ ಬರದೈತಿ.
ಟಾಯರು ನೆಲ ಮುಟ್ಟಿದ ಗೆರಿಯಿಂದ ಟೊಪಗಿ ತುದಿ ತನಕ
ವರ್ನಿಯರ್ ಇಟ್ಟೆ. ಮೂವತ್ಮೂರು ಮಿಲಿಮೀಟರು.
ಅಲ್ಲಿಂದ ಸುರು.
ರೇಡಿಯೇಟರು ಅಪ್ಪನ ಎದಿಮಟ,
ಬಾಗಲಾ ಅಪ್ಪನ ಮುಕ್ಕಾಲು,
ಗಾಲಿ ಅವನ ಸೊಂಟಕ್ಕ ನಾಲ್ಕು ಬಟ್ಟು ಕಡಿಮಿ.
ಇದ್ದಾಗ ಕಣ್ಣೆತ್ತಿ ನೋಡದ ಮನಷಾನ್ನ
ಈಗ ಕೂಡಿಸಿ ಕಳದು ಭಾಗಿಸೇನಿ.

ಗದಗಿನ ಪ್ರೆಸ್ಸಿನವರ ಹಳೆ ಪ್ಲೇಟು ಕಿಲೋ ಲೆಕ್ಕದಾಗ ತಂದೆ,
ಉಗುರಿಗೆ ಬಾಗೂವಷ್ಟು ತೆಳು.
ಬಾನೆಟ್ಟು ಎತ್ತಿ ನೋಡ್ರಿ, ಒಳಮೈಯಾಗ ಇನ್ನೂ ಐತಿ
ಯಾರದೋ ಲಗ್ನಪತ್ರಿಕಿ,
ತಮ್ಮ ಆಗಮನಾಭಿಲಾಷಿಗಳು ಅಂತ.
ಅಳಸಲಿಲ್ಲ.
ಹವಾಯಿ ಚಪ್ಪಲಿ ಅಂಟಿಸಿ ಅಂಟಿಸಿ ಲೇಥಿಗೆ ಹಾಕಿದೆ,
ಮೂಗಿನ ತುಂಬ ರಬ್ಬರಿನ ಹಿಟ್ಟು, ಟಾಯರು ಹುಟ್ಟಿದವು.
ರಿವೆಟ್ಟಿಗಂತ ಗುಂಡುಸೂಜಿ ತಲಿ ಕತ್ತರಿಸಿದೆ, ಸಾವಿರದ ಮುನ್ನೂರು.
ತಲಿ ಇಲ್ಲದ ಸೂಜಿ ಒಂದು ಡಬ್ಬಿ ತುಂಬ ಅದಾವು,
ಏನು ಮಾಡೂದೋ ಗೊತ್ತಿಲ್ಲ, ಒಗಿಯಾಕ ಕೈ ಬರವಲ್ದು.
ಅಪ್ಪನ ಧೋತರ ಚಹಾದಾಗ ಅದ್ದಿ ತಾಡಪಾಲು ಮಾಡೇನಿ.
ಇದು ಅವ್ವಗ ಹೇಳಿಲ್ಲ.

ಹೋದ ತಿಂಗಳು ಅಣ್ಣಿಗೇರಿಯಿಂದ ಬಂದಿದ್ರು
ಹವಾಲ್ದಾರ ಕಲ್ಲನಗೌಡ್ರು, ಅಪ್ಪನ ಜೋಡಿ ಇದ್ದವರು.
ಎರಡು ಸುತ್ತು ಹಾಕಿದ್ರು. ನಡುಗೂ ಬಟ್ಟಿಲೆ ಸ್ಟೇರಿಂಗ ಮುಟ್ಟಿ
ಬಾಯಿಲೆ ಫಸ್ಟ್ ಗೇರಿನ ಸಪ್ಪಳ ಮಾಡಿದ್ರು.
ಗ್ವಾಡಿ ಮ್ಯಾಲಿನ ಫೋಟೋ ನೋಡಿ ಬಿದ್ದು ಬಿದ್ದು ನಕ್ಕರು.
"ನಿಮ್ಮಪ್ಪ ಗಿಡ್ಡಲೇ ತಮ್ಮಾ!
ಲಾರಿ ಮುಂದ ಕುಳ್ಳ ಕಾಣತೇನಿ ಅಂತ
ರೇಶನ್ ಪೆಟ್ಟಿಗಿ ಮ್ಯಾಲ ನಿಂತ, ಆರಿಂಚಿಂದು.
ಬರ್ಫ ಎಳದು ಮುಚ್ಚಿದಾವ ನಾನ.
ಊರಿಗೆ ಕಳಸೂ ಫೋಟೋ ಐತಿ, ಹುಡುಗಿ ನೋಡತಾಳ ಅಂದಿದ್ದ."

ಅವರು ಬಸ್ಸು ಹತ್ತಿದ ಮ್ಯಾಲ ಲೆಕ್ಕ ಹಾಕಿದೆ.
ಆರಿಂಚಿನ ಸುಳ್ಳು ಎಲ್ಲಾ ಕಡೆ ಹರದೈತಿ,
ಚಾಸಿಯಾಗ, ಗಾಲಿಯಾಗ,
ಒಂದೊಂದು ಸೂಜಿತಲಿಯಾಗ.
ಇದು ಆರಕ್ಕ ಒಂದಲ್ಲ, ಆರೂವರಿಗೆ ಒಂದು.
ಬಿಚ್ಚಬೇಕಂತ ಪಾನಾ ತಗೊಂಡೆ. ಇಟ್ಟೆ.
ಮನಿಗೆ ಹೋಗಿ ಅವ್ವಗ ಕೇಳಿದೆ,
ಆ ಫೋಟೋ ನೋಡೇ ಒಪ್ಪಿದ್ದೇನವಾ?
ಅವರಿಕಾಯಿ ಸುಲಿಯೂದು ನಿಲ್ಲಿಸದ
ಲಾರಿ ಛಲೋ ಇತ್ತು ಅಂದಳು.

ಇವತ್ತು ಸಾಗವಾನಿ ಚೂರಿನಾಗ ಪೆಟ್ಟಿಗಿ ಮಾಡಿದೆ,
ಆರೂವರಿಗೆ ಒಂದರ ಲೆಕ್ಕದಾಗ ಇಪ್ಪತ್ಮೂರು ಮಿಲಿಮೀಟರು,
ಮ್ಯಾಲ ಮೂರು ಗೆರಿ.
ಬಂಪರಿನ ಮುಂದ ಇಟ್ಟೆ. ಅದರ ಮ್ಯಾಲ ಯಾರೂ ಇಲ್ಲ.
ಬರ್ಫ ಮಾಡೂದೊಂದು ಉಳದೈತಿ.
ಉಪ್ಪು ಸುರುವಿ ನೋಡಿದೆ, ಹತ್ತಿ ಹಾಸಿ ನೋಡಿದೆ,
ಎರಡೂ ಛಲೋ ಮುಚ್ಚತಾವು.
ಎರಡನ್ನೂ ತಗದೆ.